ಕ್ಯಾನನ್ 1500ಡಿಯೋ, ನಿಕಾನ್ ಡಿ3500 ಕ್ಯಾಮೆರಾವೋ: ಮೊದಲ ಎಸ್‌ಎಲ್‌ಆರ್ ಕೊಳ್ಳುವವರ ಗೊಂದಲ

ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದು ಕೈ ಪಳಗಿದವರಿಗೆ ಒಂದಲ್ಲ ಒಂದು ದಿನ ‘ದೊಡ್ಡ ಕ್ಯಾಮೆರಾ’ ಬೇಕೆನಿಸುವುದು ಸಹಜ. ಪತ್ರಿಕೋದ್ಯಮ ಕೋರ್ಸಿಗೆ ಸೇರಿದ ವಿದ್ಯಾರ್ಥಿನಿ, ತಾಲ್ಲೂಕು ಕೇಂದ್ರದಲ್ಲಿ ಸ್ಟುಡಿಯೋ ತೆರೆಯಲು ಹೊರಟ ಯುವಕ, ಭಾನುವಾರಗಳಂದು ಹಕ್ಕಿಗಳ ಬೆನ್ನು ಹತ್ತುವ ಬ್ಯಾಂಕ್ ನೌಕರ, ಹೀಗೆ ಎಲ್ಲರಿಗೂ ಎದುರಾಗುವ ಸಮಸ್ಯೆ ಒಂದೇ: ಹಣ ಸೀಮಿತ. ಕನ್ನಡಿಯಿಲ್ಲದ ಹೊಸ ಬಗೆಯ, ಅಂದರೆ ಮಿರರ್‌ಲೆಸ್ ಕ್ಯಾಮೆರಾಗಳ ಬೆಲೆ ಕೇಳಿದರೆ ಅನೇಕರು ಹಿಂದೆ ಸರಿಯುತ್ತಾರೆ. ಆಗ ಡಿಜಿಟಲ್ ಎಸ್‌ಎಲ್‌ಆರ್‌ಗಳತ್ತ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯತ್ತ ಗಮನ ಹರಿಯುತ್ತದೆ. ಅಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಹೆಸರುಗಳು ಎರಡು: ಕ್ಯಾನನ್ ಇಒಎಸ್ 1500ಡಿ ಮತ್ತು ನಿಕಾನ್ ಡಿ3500.

ಎರಡೂ 2018ರ ಮಾದರಿಗಳು. ಕ್ಯಾನನ್ ಫೆಬ್ರುವರಿಯಲ್ಲಿ ತನ್ನದನ್ನು ಪ್ರಕಟಿಸಿದರೆ, ನಿಕಾನ್ ಆಗಸ್ಟ್‌ನಲ್ಲಿ ಪ್ರಕಟಿಸಿತು. ಎರಡರಲ್ಲೂ 24 ಮೆಗಾಪಿಕ್ಸೆಲ್ ಸೆನ್ಸರ್, ಎರಡರ ಜೊತೆಗೂ 18-55 ಎಂಎಂ ಲೆನ್ಸ್, ಎರಡರ ಬೆಲೆಯೂ ಹೆಚ್ಚು ಕಡಿಮೆ ಒಂದೇ. ಅಂಗಡಿಯವರು ಒಂದನ್ನು ಹೊಗಳಿದರೆ ಗೆಳೆಯರು ಇನ್ನೊಂದನ್ನು ಹೊಗಳುತ್ತಾರೆ. ಕೊಳ್ಳುವವರು ಮಾತ್ರ ಗೊಂದಲಕ್ಕೆ ಬೀಳುತ್ತಾರೆ.

ಈ ಗೊಂದಲಕ್ಕೆ ಮುಖ್ಯ ಕಾರಣ, ಹೋಲಿಕೆಯನ್ನು ಕ್ಯಾಮೆರಾದ ದೇಹದಿಂದ ಆರಂಭಿಸಿ ದೇಹದಲ್ಲಿಯೇ ಮುಗಿಸುವುದು. ವಾಸ್ತವವಾಗಿ ಎಸ್‌ಎಲ್‌ಆರ್ ಕೊಳ್ಳುವುದೆಂದರೆ ಒಂದು ಲೆನ್ಸ್ ಮನೆತನದೊಂದಿಗೆ ಸಂಬಂಧ ಬೆಳೆಸಿದಂತೆ. ಕ್ಯಾನನ್ ಲೆನ್ಸ್ ನಿಕಾನ್‌ಗೆ ಕೂರುವುದಿಲ್ಲ, ನಿಕಾನ್ ಲೆನ್ಸ್ ಕ್ಯಾನನ್‌ನಲ್ಲಿ ತಾನಾಗಿ ಫೋಕಸ್ ಮಾಡುವುದಿಲ್ಲ. ದೇಹ ನಾಲ್ಕೈದು ವರ್ಷಕ್ಕೆ ಬದಲಾಗಬಹುದು, ಲೆನ್ಸ್‌ಗಳು ಹದಿನೈದು ವರ್ಷ ಜೊತೆಗಿರುತ್ತವೆ. ಆದ್ದರಿಂದ ಮುಂದಿನ ಲೆನ್ಸ್ ಯಾವುದು, ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಯೋಚಿಸಬೇಕು.

ಸಂಖ್ಯೆಗಳ ಮೋಡಿ

ಮೊದಲಿಗೆ ಮೆಗಾಪಿಕ್ಸೆಲ್ ವಿಷಯವನ್ನು ಬದಿಗಿಡೋಣ. ಕ್ಯಾನನ್ 24.1, ನಿಕಾನ್ 24.2 ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಎರಡೂ ಕೊಡುವ ಚಿತ್ರ 6000×4000 ಪಿಕ್ಸೆಲ್‌ಗಳದ್ದೇ. ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ ಮುದ್ರಿಸಿದರೂ 20 ಇಂಚು ಅಗಲದ ಚಿತ್ರ ದೊರೆಯುತ್ತದೆ. ಮದುವೆ ಆಲ್ಬಮ್ಮಿಗೂ ಗೋಡೆಯ ಚೌಕಟ್ಟಿಗೂ ಇದು ಬೇಕಾದಷ್ಟಾಯಿತು.

ಸಂಖ್ಯೆಯ ಮೋಡಿಗೆ ಇನ್ನೂ ಒಂದು ಉದಾಹರಣೆ ಹೇಳಲೇಬೇಕು. ಕ್ಯಾನನ್‌ನಲ್ಲಿ 3000ಡಿ ಎಂಬ ಮಾದರಿಯೂ ಇದೆ. 1500ಕ್ಕಿಂತ 3000 ದೊಡ್ಡದಲ್ಲವೇ ಎಂದು ಅದನ್ನೇ ಉತ್ತಮವೆಂದು ಭಾವಿಸುವವರಿದ್ದಾರೆ. ಆದರೆ 3000ಡಿ ಅದಕ್ಕಿಂತ ಕೆಳಗಿನ ದರ್ಜೆಯದು: 18 ಮೆಗಾಪಿಕ್ಸೆಲ್ ಸೆನ್ಸರ್, ಚಿಕ್ಕ ಪರದೆ, ಲೆನ್ಸ್ ಕೂರುವ ಬಳೆ ಲೋಹದ ಬದಲು ಪ್ಲಾಸ್ಟಿಕ್‌ನದು. ‘ಅದೇ ಬೆಲೆಗೆ 3000ಡಿ ಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅದು ಲಾಭದ ವ್ಯವಹಾರವಲ್ಲ. ಅಂದಹಾಗೆ 1500ಡಿ ಎಂಬ ಹೆಸರು ಎಲ್ಲ ದೇಶಗಳದ್ದಲ್ಲ. ಇದೇ ಕ್ಯಾಮೆರಾ ಯುರೋಪಿನಲ್ಲಿ 2000ಡಿ, ಅಮೆರಿಕದಲ್ಲಿ ರೆಬೆಲ್ ಟಿ7. ಅಲ್ಲಿರುವ ಬಂಧುಗಳಿಂದ ತರಿಸುವವರು ಇದನ್ನು ನೆನಪಿಡಬೇಕು.

ದೇಹದ ಮಟ್ಟಿಗೆ ನಿಕಾನ್ ಮುಂದೆ

ಲೆನ್ಸ್ ವಿಚಾರವನ್ನು ಸ್ವಲ್ಪ ಹೊತ್ತು ಮರೆತು ಎರಡೂ ಕ್ಯಾಮೆರಾಗಳನ್ನು ಮೇಜಿನ ಮೇಲಿಟ್ಟು ನೋಡಿದರೆ, ಚಿತ್ರ ತೆಗೆಯುವ ಯಂತ್ರವಾಗಿ ನಿಕಾನ್ ಉತ್ತಮವೆಂದು ಹೇಳಲು ಹಿಂಜರಿಯಬೇಕಿಲ್ಲ.

ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಕ್ಯಾಮೆರಾ ಉದ್ಯಮದ ನಿಗದಿತ ಪರೀಕ್ಷಾ ವಿಧಾನದಂತೆ ಒಮ್ಮೆ ಚಾರ್ಜ್ ಮಾಡಿದರೆ 1500ಡಿ ಸುಮಾರು 500 ಚಿತ್ರಗಳನ್ನು ತೆಗೆಯುತ್ತದೆ, ಡಿ3500 ಸುಮಾರು 1550. ಮುಂಜಾನೆ ಹೊರಟು ಹಂಪಿಯನ್ನೆಲ್ಲ ಸುತ್ತಿ ಸಂಜೆ ಮರಳುವವರಿಗೆ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ಕ್ಯಾನನ್ ಕೊಳ್ಳುವವರು ಎರಡನೆಯ ಬ್ಯಾಟರಿಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ತೂಕದಲ್ಲಿಯೂ ನಿಕಾನ್ ಹಗುರ: ಬ್ಯಾಟರಿ ಮತ್ತು ಕಾರ್ಡ್ ಸಹಿತ 415 ಗ್ರಾಂ, ಕ್ಯಾನನ್ 475 ಗ್ರಾಂ. ಹಗುರವಾದರೂ ಅದರ ಹಿಡಿ ಆಳವಾಗಿದ್ದು ಬೆರಳುಗಳಿಗೆ ಚೆನ್ನಾಗಿ ಒಗ್ಗುತ್ತದೆ. ಇದು ಕೈಯಿಂದ ಕೈಗೆ ಬದಲಾಗುವ ಮಾತು. ಅಂಗಡಿಯಲ್ಲಿ ಹಿಡಿದು ನೋಡಿಯೇ ತೀರ್ಮಾನಿಸಬೇಕು.

ಒಂದು ಸೆಕೆಂಡಿಗೆ ಕ್ಯಾನನ್ 3 ಚಿತ್ರಗಳನ್ನು ತೆಗೆದರೆ ನಿಕಾನ್ 5 ತೆಗೆಯುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಕುಳಿತಿರುವಾಗ ಕೊಕ್ಕರೆಯೊಂದು ಬಂಡೆಯಿಂದ ರೆಕ್ಕೆ ಬಿಚ್ಚಿ ಹಾರುವುದು ಅರ್ಧ ಕ್ಷಣದ ವ್ಯವಹಾರ. ಮೂರರಲ್ಲಿ ತಪ್ಪಿಹೋದ ಭಂಗಿ ಐದರಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಫೋಕಸ್ ಬಿಂದುಗಳು ಕ್ಯಾನನ್‌ನಲ್ಲಿ 9, ನಿಕಾನ್‌ನಲ್ಲಿ 11. ಎರಡರಲ್ಲೂ ಹೆಚ್ಚು ನಂಬಿಕೆಗೆ ಅರ್ಹವಾದದ್ದು ನಡುವಿನ ಒಂದೇ ಬಿಂದು. ಆದ್ದರಿಂದ ಈ ವಿಷಯದಲ್ಲಿ ದೊಡ್ಡ ಅಂತರವೇನಿಲ್ಲ.

ಹೆಚ್ಚು ಮುಖ್ಯವಾದದ್ದು ಸೆನ್ಸರ್. ಗಾತ್ರದಲ್ಲಿ ನಿಕಾನ್‌ನದು (23.5×15.6 ಎಂಎಂ) ಕ್ಯಾನನ್‌ನದಕ್ಕಿಂತ (22.3×14.9 ಎಂಎಂ) ಸ್ವಲ್ಪ ದೊಡ್ಡದು. ಆದರೆ ನಿಜವಾದ ವ್ಯತ್ಯಾಸವಿರುವುದು ಕತ್ತಲು ಬೆಳಕನ್ನು ಒಟ್ಟಿಗೆ ಹಿಡಿಯುವ ಶಕ್ತಿಯಲ್ಲಿ. ದೇವಾಲಯದ ನವರಂಗದೊಳಗೆ ನಿಂತು ಹೊರಗಿನ ಬಿಸಿಲಿನ ಅಂಗಳವನ್ನೂ ಸೇರಿಸಿ ಚಿತ್ರ ತೆಗೆಯುತ್ತೀರೆಂದಿಟ್ಟುಕೊಳ್ಳಿ. ಅಂಗಳಕ್ಕೆ ಬೆಳಕನ್ನು ಹೊಂದಿಸಿದರೆ ಒಳಗಿನ ಕಂಬಗಳು ಕಪ್ಪಾಗುತ್ತವೆ. ರಾ ಕಡತದಲ್ಲಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಆ ಕಪ್ಪನ್ನು ಬೆಳಗಿಸಿದಾಗ ಡಿ3500 ಕಡತದಲ್ಲಿ ಕಂಬದ ಕೆತ್ತನೆ ಸ್ವಚ್ಛವಾಗಿ ಮೇಲೇಳುತ್ತದೆ. 1500ಡಿ ಕಡತದಲ್ಲಿ ಕೆತ್ತನೆಯ ಜೊತೆಗೆ ಬಣ್ಣಬಣ್ಣದ ಮರಳಿನಂಥ ಕಲೆಗಳೂ ಏಳುತ್ತವೆ. ಜೆಪೆಗ್‌ನಲ್ಲಿ ತೆಗೆದು ಹಾಗೆಯೇ ಹಂಚುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು.

ಕ್ಯಾನನ್‌ನಲ್ಲಿ ಚರ್ಮದ ಬಣ್ಣ ಚೆನ್ನ ಎಂಬ ಮಾತು ಸ್ಟುಡಿಯೋಗಳಲ್ಲಿ ಬಹುಕಾಲದಿಂದ ಇದೆ. ಅದರಲ್ಲಿ ಅಲ್ಪಸ್ವಲ್ಪ ಸತ್ಯವಿಲ್ಲದಿಲ್ಲ, ಆದರೆ ಬಣ್ಣದ ಸೆಟ್ಟಿಂಗ್ ಬದಲಿಸಿ ಸರಿಪಡಿಸಲಾಗದಷ್ಟು ದೊಡ್ಡ ಸತ್ಯವೇನಲ್ಲ.

ಹಾಗೆಂದು ಕ್ಯಾನನ್‌ಗೆ ತನ್ನದೇ ಅನುಕೂಲಗಳಿಲ್ಲವೆಂದಲ್ಲ. ಅದರಲ್ಲಿ ವೈಫೈ ಇದೆ. ತೆಗೆದ ಚಿತ್ರವನ್ನು ಫೋನಿಗೆ ವರ್ಗಾಯಿಸುವುದು ಸುಲಭ, ಫೋನಿನ ಪರದೆಯಲ್ಲಿಯೇ ದೃಶ್ಯವನ್ನು ನೋಡುತ್ತಾ ದೂರದಿಂದ ಕ್ಲಿಕ್ಕಿಸಬಹುದು. ಡಿ3500ರಲ್ಲಿ ಇರುವುದು ಬ್ಲೂಟೂತ್ ಮಾತ್ರ. ಅದು 2 ಮೆಗಾಪಿಕ್ಸೆಲ್‌ಗೆ ಕುಗ್ಗಿಸಿದ ಪ್ರತಿಯನ್ನು ಫೋನಿಗೆ ಕಳುಹಿಸುತ್ತದೆ. ಸುದ್ದಿಮನೆಗೆ ಸ್ಥಳದಿಂದಲೇ ಚಿತ್ರ ಕಳುಹಿಸಬೇಕಾದ ತಾಲ್ಲೂಕು ವರದಿಗಾರರಿಗೆ ಇದು ಗಮನಿಸಬೇಕಾದ ಅಂಶ. ತಂತಿಯ ರಿಮೋಟ್ ಜೋಡಿಸುವ ಕಿಂಡಿ ಕ್ಯಾನನ್‌ನಲ್ಲಿದೆ, ನಿಕಾನ್‌ನಲ್ಲಿಲ್ಲ. ಬೇರೆ ಬೇರೆ ಬೆಳಕಿನಲ್ಲಿ ಒಂದೇ ದೃಶ್ಯದ ಮೂರು ಚಿತ್ರಗಳನ್ನು ತಾನಾಗಿ ತೆಗೆಯುವ ಸೌಲಭ್ಯವೂ ಹಾಗೆಯೇ.

ಲೆನ್ಸಿನ ಮನೆತನ

ಇಲ್ಲಿಯವರೆಗಿನ ಲೆಕ್ಕವನ್ನು ತಲೆಕೆಳಗು ಮಾಡಬಲ್ಲ ವಿಚಾರ ಇದು. ಇದಕ್ಕೆ ಸ್ವಲ್ಪ ಇತಿಹಾಸ ತಿಳಿಯಬೇಕು.

ನಿಕಾನ್ ತನ್ನ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಲೆನ್ಸ್ ಕೂರಿಸುವ ‘ಎಫ್ ಮೌಂಟ್’ ಅನ್ನು 1959ರಲ್ಲಿ ತಂದಿತು. ತಾನಾಗಿ ಫೋಕಸ್ ಮಾಡುವ ತಂತ್ರ ಬಂದಾಗಲೂ ಅದನ್ನು ಬದಲಿಸಲಿಲ್ಲ. ಫೋಕಸ್ ಮಾಡುವ ಮೋಟಾರನ್ನು ಕ್ಯಾಮೆರಾದ ದೇಹದಲ್ಲಿಟ್ಟು, ಒಂದು ಪುಟ್ಟ ತಿರುಪಿನ ಮೂಲಕ ಲೆನ್ಸನ್ನು ತಿರುಗಿಸಿತು. ಕ್ಯಾನನ್ ಬೇರೆ ದಾರಿ ಹಿಡಿಯಿತು. 1987ರಲ್ಲಿ ತನ್ನ ಹಳೆಯ ಮೌಂಟ್ ಅನ್ನೇ ಕೈಬಿಟ್ಟು ‘ಇಎಫ್’ ಎಂಬ ಹೊಸದನ್ನು ತಂದಿತು. ಅಂದು ಹಳೆಯ ಲೆನ್ಸ್‌ಗಳಿದ್ದವರಿಗೆ ಅದು ನುಂಗಲಾರದ ತುತ್ತಾಗಿತ್ತು. ಆದರೆ ಹೊಸ ವ್ಯವಸ್ಥೆಯಲ್ಲಿ ತಾನಾಗಿ ಫೋಕಸ್ ಮಾಡುವ ಪ್ರತಿ ಲೆನ್ಸಿನೊಳಗೂ ಮೋಟಾರ್ ಇತ್ತು.

2003ರಲ್ಲಿ ಕ್ಯಾನನ್ 300ಡಿ ಬಂದು ಸಾವಿರ ಡಾಲರ್‌ಗಿಂತ ಕಡಿಮೆ ಬೆಲೆಗೆ ಡಿಜಿಟಲ್ ಎಸ್‌ಎಲ್‌ಆರ್ ದೊರೆಯುವಂತಾಯಿತು. ಮರುವರ್ಷ ನಿಕಾನ್ ಡಿ70 ಬಂತು. ಸ್ಪರ್ಧೆ ಬೆಳೆದಂತೆ ಬೆಲೆ ಮತ್ತು ಗಾತ್ರ ಇಳಿಸಬೇಕಾಗಿ ಬಂದಾಗ ನಿಕಾನ್ 2006ರ ಡಿ40ರಲ್ಲಿ ದೇಹದೊಳಗಿನ ಮೋಟಾರನ್ನೇ ತೆಗೆದುಹಾಕಿತು. ಡಿ3500 ಇದೇ ಪರಂಪರೆಯ ಕ್ಯಾಮೆರಾ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಚಿಕ್ಕಪ್ಪನ ಬಳಿ ಹಳೆಯ ನಿಕಾನ್ ಡಿ90 ಇತ್ತು, ಅದರ ಜೊತೆಗಿನ 50 ಎಂಎಂ ಎಫ್/1.8ಡಿ ಲೆನ್ಸನ್ನು ಈಗ ನಿಮಗೆ ಕೊಡುತ್ತೇನೆ ಎನ್ನುತ್ತಾರೆ. ಡಿ90ರ ದೇಹದಲ್ಲಿ ಮೋಟಾರ್ ಇದ್ದುದರಿಂದ ಅದು ತಾನಾಗಿ ಫೋಕಸ್ ಆಗುತ್ತಿತ್ತು. ಡಿ3500ಕ್ಕೆ ಜೋಡಿಸಿದರೆ ಚಿತ್ರವೇನೋ ಬರುತ್ತದೆ, ಆದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ‘ಎಎಫ್-ಡಿ’ ಲೆನ್ಸ್‌ಗಳ ಕಥೆಯೆಲ್ಲ ಇದೇ. ಡಿ3500 ಕೊಳ್ಳುವವರು ಲೆನ್ಸಿನ ಮೇಲೆ ‘ಎಎಫ್-ಎಸ್’ ಅಥವಾ ‘ಎಎಫ್-ಪಿ’ ಎಂದು ಬರೆದಿದೆಯೇ ಎಂದು ನೋಡಲೇಬೇಕು. ಬೇರೆ ಕಂಪನಿಯ ಲೆನ್ಸಾದರೆ ಒಳಗೆ ಮೋಟಾರ್ ಇದೆಯೇ ಎಂದು ಕೇಳಬೇಕು. 1500ಡಿ ಕೊಂಡವರಿಗೆ ಈ ತಲೆನೋವಿಲ್ಲ. 1987ರಿಂದೀಚೆಗಿನ ಕ್ಯಾನನ್‌ನ ಯಾವ ಇಎಫ್ ಲೆನ್ಸ್ ಕೂರಿಸಿದರೂ ಅದು ತಾನಾಗಿಯೇ ಫೋಕಸ್ ಮಾಡುತ್ತದೆ.

ಹಳೆಯ ಲೆನ್ಸ್ ಕೊಳ್ಳುವ, ಎರವಲು ತರುವ, ದಿನದ ಬಾಡಿಗೆಗೆ ಪಡೆಯುವ ಯೋಚನೆಯಿದ್ದವರಿಗೆ ಆದ್ದರಿಂದ ಕ್ಯಾನನ್ ಸಲೀಸು. ಯಾವ ಹಳೆಯ ಲೆನ್ಸೂ ಬೇಡ, ಜೊತೆಗೆ ಬಂದ ಒಂದೆರಡರಲ್ಲಿಯೇ ತೃಪ್ತಿ ಎನ್ನುವವರಿಗೆ ನಿಕಾನ್‌ನ ಈ ಕೊರತೆ ಕೊರತೆಯೇ ಅಲ್ಲ.

ಕತ್ತಲ ರಂಗಸ್ಥಳ

ಲೆನ್ಸಿಗೆ ಇಷ್ಟು ಮಹತ್ವ ಏಕೆ ಎಂದು ಕೇಳುವವರು ಒಂದು ರಾತ್ರಿ ಯಕ್ಷಗಾನಕ್ಕೆ ಕ್ಯಾಮೆರಾ ಒಯ್ದು ನೋಡಬೇಕು. ರಂಗಸ್ಥಳದಲ್ಲಿ ಬೆಳಕು ಕಡಿಮೆ. ಫ್ಲ್ಯಾಶ್ ಹಾಯಿಸಿದರೆ ಕಲಾವಿದರಿಗೂ ಪ್ರೇಕ್ಷಕರಿಗೂ ಕಿರಿಕಿರಿ. ಧಿಗಿಣ ಹೊಡೆಯುವ ವೇಷಧಾರಿಯನ್ನು ಮಸುಕಾಗದಂತೆ ಹಿಡಿಯಬೇಕಾದರೆ ಶಟರ್ ವೇಗವಾಗಿ ಮುಚ್ಚಬೇಕು, ಅಂದರೆ ಒಳಬರುವ ಬೆಳಕು ಇನ್ನೂ ಕಡಿಮೆ.

ಕ್ಯಾಮೆರಾದ ಜೊತೆಗೆ ಬರುವ 18-55 ಎಂಎಂ ಲೆನ್ಸ್, ಕ್ಯಾನನ್ ಇರಲಿ ನಿಕಾನ್ ಇರಲಿ, ಪೂರ್ತಿ ಮುಂದಕ್ಕೆ ಎಳೆದಾಗ ಎಫ್/5.6ರಷ್ಟೇ ತೆರೆಯುತ್ತದೆ. 50 ಎಂಎಂ ಎಫ್/1.8 ಲೆನ್ಸ್ ತೆರೆದರೆ ಅದರ ಹತ್ತಿರ ಹತ್ತಿರ 10 ಪಟ್ಟು ಬೆಳಕು ಒಳಬರುತ್ತದೆ. ಅಂದರೆ ಮೊದಲಿನದರಲ್ಲಿ ಐಎಸ್ಒ 6400 ಬೇಕಾದ ಕಡೆ ಎರಡನೆಯದರಲ್ಲಿ 800ಕ್ಕಿಂತ ಕಡಿಮೆ ಸಾಕು. ಕ್ಯಾನನ್ 1500ಡಿಯ ಐಎಸ್ಒ ಮಿತಿ ಸಾಮಾನ್ಯ ಬಳಕೆಯಲ್ಲಿ 6400, ನಿಕಾನ್‌ನದು 25,600 ಎಂದು ಹೋಲಿಸಿ ವಾದಿಸುವವರು ಇದನ್ನು ಗಮನಿಸಬೇಕು. ಕಿಟ್ ಲೆನ್ಸ್ ಇರುವ ಡಿ3500ಕ್ಕಿಂತ ಎಫ್/1.8 ಲೆನ್ಸ್ ಇರುವ 1500ಡಿ ಆ ರಾತ್ರಿ ಉತ್ತಮ ಚಿತ್ರ ಕೊಡುತ್ತದೆ. ಫೋಕಸ್ ಇರುವ ಆಳ ಕಡಿಮೆಯಾಗುವುದರಿಂದ ವೇಷಧಾರಿಯ ಕಣ್ಣಿಗೇ ಗುರಿಯಿಡುವ ಅಭ್ಯಾಸ ಮಾತ್ರ ಬೇಕು.

ಈ ಬಗೆಯ ಲೆನ್ಸ್‌ಗಳಲ್ಲಿ ಕ್ಯಾನನ್‌ನ 50 ಎಂಎಂ ಎಫ್/1.8 ಎಸ್‌ಟಿಎಂ (2015) ಅಗ್ಗಕ್ಕೆ ಹೆಸರಾದದ್ದು. ನಿಕಾನ್‌ನಲ್ಲಿ ಎಎಫ್-ಎಸ್ 50 ಎಂಎಂ ಎಫ್/1.8ಜಿ ಮತ್ತು ಡಿಎಕ್ಸ್ 35 ಎಂಎಂ ಎಫ್/1.8ಜಿ ಇವೆ. ಮನೆಯೊಳಗಿನ ನಾಮಕರಣ, ಹುಟ್ಟುಹಬ್ಬಗಳಿಗೆ 50 ಎಂಎಂ ತುಸು ಹತ್ತಿರವಾಗಿ ಗೋಡೆಗೆ ಒರಗಬೇಕಾಗುತ್ತದೆ. ಅಲ್ಲಿ ನಿಕಾನ್‌ನ 35 ಎಂಎಂ ಹೆಚ್ಚು ಉಪಯುಕ್ತ. ಹಕ್ಕಿಗಳ ವಿಷಯಕ್ಕೆ ಬಂದರೆ ಕ್ಯಾನನ್‌ನ 55-250 ಎಸ್‌ಟಿಎಂ ಮತ್ತು ನಿಕಾನ್‌ನ ಎಎಫ್-ಪಿ 70-300 ಎರಡೂ ಬೆಲೆಗೆ ತಕ್ಕ ಲೆನ್ಸ್‌ಗಳು. ದೂರ ಮುಟ್ಟುವುದರಲ್ಲಿ ನಿಕಾನ್‌ನದು ಒಂದು ಹೆಜ್ಜೆ ಮುಂದೆ.

ವಿಡಿಯೊಗೆ ಎರಡೂ ಬೇಡ

ಯೂಟ್ಯೂಬ್ ವಾಹಿನಿಗೆಂದು ಇವುಗಳಲ್ಲೊಂದನ್ನು ಕೊಳ್ಳಲು ಯೋಚಿಸುತ್ತಿದ್ದರೆ ಆ ಹಣವನ್ನು ಉಳಿಸಿಕೊಳ್ಳುವುದು ಲೇಸು. ಎರಡರಲ್ಲೂ 4ಕೆ ಇಲ್ಲ, ಹೊರಗಿನ ಮೈಕ್ ಜೋಡಿಸುವ ಕಿಂಡಿಯಿಲ್ಲ, ತಿರುಗುವ ಪರದೆಯಿಲ್ಲ. ವಿಡಿಯೊ ತೆಗೆಯುವಾಗ ಫೋಕಸ್ ತಡವರಿಸುತ್ತದೆ. ಒಳ್ಳೆಯ ಮೊಬೈಲ್ ಫೋನ್ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ನಾಳೆಯ ಪ್ರಶ್ನೆ

ಎಸ್‌ಎಲ್‌ಆರ್ ಯುಗ ಮುಗಿಯುತ್ತಿರುವಾಗ ಇದರ ಮೇಲೆ ಹಣ ಹಾಕುವುದು ಜಾಣತನವೇ ಎಂಬ ಅನುಮಾನ ನ್ಯಾಯವಾದದ್ದೇ. ಎರಡೂ ಕಂಪನಿಗಳು 2018ರಲ್ಲಿಯೇ ಹೊಸ ಮಿರರ್‌ಲೆಸ್ ಮೌಂಟ್‌ಗಳನ್ನು ತಂದವು: ಕ್ಯಾನನ್‌ನ ಆರ್‌ಎಫ್, ನಿಕಾನ್‌ನ ಝೆಡ್. ಡಿ3500 ತಯಾರಿಕೆ ನಿಂತಿರುವುದು 2022ರ ಆರಂಭದಲ್ಲಿ ಸ್ಪಷ್ಟವಾಯಿತು. ಆದರೂ ಬೆಳಕು, ವೇಗ, ಆಳಗಳ ಪಾಠ ಕಲಿಯಲು ಈ ಕ್ಯಾಮೆರಾಗಳಲ್ಲಿ ಏನೂ ಕೊರತೆಯಿಲ್ಲ. ಕೊಂಡ ಲೆನ್ಸ್‌ಗಳೂ ವ್ಯರ್ಥವಾಗುವುದಿಲ್ಲ. ಅಡಾಪ್ಟರ್ ಮೂಲಕ ಕ್ಯಾನನ್‌ನ ಇಎಫ್ ಲೆನ್ಸ್‌ಗಳನ್ನು ಆರ್‌ಎಫ್ ಕ್ಯಾಮೆರಾಗಳಲ್ಲಿ ಬಳಸಬಹುದು, ಅವು ತಾನಾಗಿ ಫೋಕಸ್ ಸಹ ಮಾಡುತ್ತವೆ. ನಿಕಾನ್‌ನ ಎಫ್‌ಟಿಝೆಡ್ ಅಡಾಪ್ಟರ್‌ನಲ್ಲಿ ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳು ಫೋಕಸ್ ಮಾಡುತ್ತವೆ. ಹಳೆಯ ಎಎಫ್-ಡಿ ಲೆನ್ಸ್‌ಗಳಿಗೆ ಅಲ್ಲಿಯೂ ಮೋಟಾರಿನ ಆಸರೆಯಿಲ್ಲ.

ಹಾಗಾದರೆ ಯಾವುದು? ಮನೆಯಲ್ಲಿ, ಗೆಳೆಯರ ಬಳಿ ಕ್ಯಾನನ್ ಲೆನ್ಸ್‌ಗಳಿದ್ದರೆ, ಊರಿನ ಸ್ಟುಡಿಯೋದವರು ಕ್ಯಾನನ್ ಬಳಸುತ್ತಿದ್ದು ಅವರಿಂದ ಕೆಲಸ ಕಲಿಯಬೇಕಿದ್ದರೆ 1500ಡಿಯೇ ಸರಿ. ಅಂಥ ಯಾವ ನಂಟೂ ಇಲ್ಲದೆ, ಪ್ರವಾಸ ಮತ್ತು ನಿಸರ್ಗದ ಚಿತ್ರಗಳಿಗಾಗಿ ಕೊಳ್ಳುವವರಿಗೆ ಈ ವರದಿಗಾರನ ಮತ ಡಿ3500ಕ್ಕೆ. ಯಾವುದನ್ನೇ ಆರಿಸಿದರೂ ಇರುವ ಹಣವನ್ನೆಲ್ಲ ದೇಹಕ್ಕೇ ಸುರಿಯದೆ ಒಂದು ಎಫ್/1.8 ಲೆನ್ಸಿಗಾಗುವಷ್ಟನ್ನು ಉಳಿಸಿಕೊಳ್ಳಿ.

ಕೊಳ್ಳುವಾಗ ನೋಡಬೇಕಾದದ್ದು

ಸೆಕೆಂಡ್ ಹ್ಯಾಂಡ್ ಕ್ಯಾಮೆರಾದಲ್ಲಿ ಮೊದಲು ತಿಳಿಯಬೇಕಾದದ್ದು ಶಟರ್ ಎಷ್ಟು ಬಾರಿ ತೆರೆದಿದೆ ಎಂಬುದು. ಈ ದರ್ಜೆಯ ಕ್ಯಾಮೆರಾಗಳ ಶಟರ್ ಸುಮಾರು ಒಂದು ಲಕ್ಷ ಕ್ಲಿಕ್ಕುಗಳವರೆಗೆ ಬಾಳುತ್ತದೆಂಬುದು ಛಾಯಾಗ್ರಾಹಕರ ಸಾಮಾನ್ಯ ಲೆಕ್ಕಾಚಾರ. ಮದುವೆ ಮನೆಗಳಲ್ಲಿ ದುಡಿದ ಕ್ಯಾಮೆರಾಗೆ ಇಷ್ಟು ಆಗಲು ಬಹಳ ಕಾಲ ಬೇಡ. ನಿಕಾನ್ ಈ ಸಂಖ್ಯೆಯನ್ನು ಪ್ರತಿ ಚಿತ್ರದ ಕಡತದೊಳಗೆ ಬರೆದಿಡುತ್ತದೆ. ಅಲ್ಲೇ ಒಂದು ಚಿತ್ರ ತೆಗೆದು, ಅದನ್ನು ತಿದ್ದದೆ ಕಡತದ ವಿವರ ತೋರಿಸುವ ತಂತ್ರಾಂಶದಲ್ಲಿ ತೆರೆದರೆ ಸಾಕು. 1500ಡಿಯ ಕಡತದಲ್ಲಿ ಅದು ಸಿಗುವುದಿಲ್ಲ. ಕ್ಯಾಮೆರಾವನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ಪ್ರತ್ಯೇಕ ತಂತ್ರಾಂಶದಿಂದ ಓದಬೇಕಾಗುತ್ತದೆ. ‘ಹೊಸತರಂತಿದೆ ಸಾರ್’ ಎಂಬ ಮಾತನ್ನು ಈ ಸಂಖ್ಯೆಯೊಂದಿಗೆ ತಾಳೆ ನೋಡಿ.

ಕ್ಯಾನನ್ ಕೊಳ್ಳುವವರು ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗವನ್ನು ಪರೀಕ್ಷಿಸಬೇಕು. ಹಲವು 1500ಡಿಗಳಲ್ಲಿ ಅದರ ನಟ್ಟನಡುವಿನ ದೊಡ್ಡ ಲೋಹದ ಚುಕ್ಕೆ ಇರುವುದಿಲ್ಲ. ಆ ಚುಕ್ಕೆಯನ್ನೇ ನಂಬಿದ ಅಗ್ಗದ ಫ್ಲ್ಯಾಶ್‌ಗಳು, ಟ್ರಿಗರ್‌ಗಳು ಅಂಥ ಕ್ಯಾಮೆರಾದ ಮೇಲೆ ಬೆಳಗುವುದಿಲ್ಲ. ಸ್ಟುಡಿಯೋ ಕೆಲಸಕ್ಕೆಂದು ಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ.

ಕಿಟ್ ಲೆನ್ಸಿನ ಮೇಲಿನ ಅಕ್ಷರಗಳನ್ನೂ ಓದಿ. ಕೈ ನಡುಕವನ್ನು ತಡೆಯುವ ವ್ಯವಸ್ಥೆಗೆ ಕ್ಯಾನನ್‌ನಲ್ಲಿ ‘ಐಎಸ್’ ಎಂದೂ ನಿಕಾನ್‌ನಲ್ಲಿ ‘ವಿಆರ್’ ಎಂದೂ ಗುರುತಿರುತ್ತದೆ. ಎರಡೂ ಕಂಪನಿಗಳ 18-55ರಲ್ಲಿ ಈ ವ್ಯವಸ್ಥೆಯಿಲ್ಲದ ಆವೃತ್ತಿಗಳೂ ಚಲಾವಣೆಯಲ್ಲಿವೆ, ನೋಡಲು ಹೆಚ್ಚು ಕಡಿಮೆ ಒಂದೇ ಥರ. ನಿಕಾನ್‌ನ ಎಎಫ್-ಪಿ 70-300ಕ್ಕೂ ಈ ಮಾತು ಅನ್ವಯಿಸುತ್ತದೆ, ಮತ್ತು ಅಷ್ಟು ಉದ್ದದ ಲೆನ್ಸಿನಲ್ಲಿ ‘ವಿಆರ್’ ಇಲ್ಲದಿದ್ದರೆ ಕೈಯಲ್ಲಿ ಹಿಡಿದು ತೆಗೆದ ಚಿತ್ರಗಳಲ್ಲಿ ಅರ್ಧ ಮಸುಕಾಗುವುದು ಆಶ್ಚರ್ಯವಲ್ಲ.

ಲೆನ್ಸನ್ನು ಎಫ್/16ಕ್ಕೆ ಹೊಂದಿಸಿ ಬಿಳಿಯ ಗೋಡೆಯ ಅಥವಾ ಶುಭ್ರ ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಮೇಲೆ ಕುಳಿತ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಧೂಳನ್ನು ತೆಗೆಸಬಹುದು. ಲೆನ್ಸಿನೊಳಗೆ ಬೆಳೆದ ಬೂಷ್ಟು ಮಾತ್ರ ಹಾಗಲ್ಲ. ಕರಾವಳಿ ಮತ್ತು ಮಲೆನಾಡಿನಿಂದ ಬಂದ ಲೆನ್ಸ್‌ಗಳಲ್ಲಿ, ಒಂದೆರಡು ಮಳೆಗಾಲ ಚೀಲದೊಳಗೇ ಉಳಿದಿದ್ದರೆ, ಇದರ ಸಂಭವ ಹೆಚ್ಚು. ಮುಚ್ಚಳಗಳೆರಡನ್ನೂ ತೆಗೆದು ಹಿಂಬದಿಯಿಂದ ಟಾರ್ಚ್ ಹಾಯಿಸಿ ಓರೆಯಾಗಿ ನೋಡಿ. ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ. ಕೊಂಡ ಮೇಲೆ ನಿಮ್ಮ ಲೆನ್ಸಿಗೂ ಇದೇ ಗತಿ ಬಾರದಿರಲು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಮತ್ತು ಒಂದಷ್ಟು ಸಿಲಿಕಾ ಜೆಲ್ ಸಾಕು. ಬಣ್ಣ ಬದಲಾಗುವ ಬಗೆಯ ಜೆಲ್ ತಂದರೆ ಅದು ತೇವ ಹೀರಿ ಮುಗಿದದ್ದು ಕಣ್ಣಿಗೇ ಕಾಣುತ್ತದೆ.